ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಹೊರಗಿನಿಂದ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಕೆಟ್ಟಿತೆಂದರೆ ಅದರಲ್ಲಿದ್ದದ್ದೆಲ್ಲ ಹೋಯಿತೆಂದೇ ಬಹಳ ಮಂದಿ ಭಾವಿಸುತ್ತಾರೆ. ಮದರ್‌ಬೋರ್ಡ್ ಸುಟ್ಟಿರಬಹುದು, ಪವರ್ ಸಪ್ಲೈ ಹೋಗಿರಬಹುದು, ಲ್ಯಾಪ್‌ಟಾಪಿನ ಪರದೆ ಒಡೆದಿರಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಒಳಗಿನ ಹಾರ್ಡ್ ಡಿಸ್ಕಿಗೆ ಏನೂ ಆಗಿರುವುದಿಲ್ಲ. ಹಾಗಿದ್ದರೂ ಮಕ್ಕಳ ಬಾಲ್ಯದ ಫೋಟೋಗಳು, ಅಂಗಡಿಯ ಲೆಕ್ಕ, ಅಚ್ಚಾಗದೆ ಉಳಿದ ಬರಹಗಳು ಇರುವ ಪೆಟ್ಟಿಗೆಯನ್ನು ಜನ ಗುಜರಿಗೆ ಹಾಕುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ನೋವಾಗಿದೆ. ಆ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಒಳಗಿನದನ್ನು ನಕಲು ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ನಿಯಮವಿದೆ: ಬೇಕಾದದ್ದೆಲ್ಲ ಬೇರೆಡೆಗೆ ನಕಲಾಗುವ ತನಕ ಹಳೆಯ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಈ ಕೆಲಸವನ್ನು ನಾನೇ ಮಾಡಬಹುದೇ?

ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಮಾಡಬಹುದು. ಆದರೆ ಡಿಸ್ಕ್ ಕೆಳಗೆ ಬಿದ್ದಿದ್ದರೆ, ನೀರು ಕುಡಿದಿದ್ದರೆ ಅಥವಾ ವಿಚಿತ್ರ ಸದ್ದು ಮಾಡುತ್ತಿದ್ದರೆ, ಮುಂದೆ ಸದ್ದಿನ ಬಗ್ಗೆ ಇರುವ ಉತ್ತರವನ್ನು ಮೊದಲು ಓದಿರಿ.

ನನ್ನ ಡಿಸ್ಕ್ ಯಾವ ಬಗೆಯದೆಂದು ಹೇಗೆ ಗುರುತಿಸುವುದು?

ಮೊದಲು ಗಾತ್ರವನ್ನು ನೋಡಬೇಕು. ಡೆಸ್ಕ್‌ಟಾಪಿನಲ್ಲಿರುವುದು ಸಾಮಾನ್ಯವಾಗಿ 3.5 ಇಂಚಿನ ಡಿಸ್ಕ್, ಲ್ಯಾಪ್‌ಟಾಪಿನಲ್ಲಿರುವುದು 2.5 ಇಂಚಿನದು. ಅಳತೆಪಟ್ಟಿ ಹಿಡಿದು ನೋಡಿದರೆ ಮೊದಲನೆಯದರ ಅಗಲ ಸುಮಾರು 10 ಸೆಂಟಿಮೀಟರ್, ಎರಡನೆಯದರ ಅಗಲ ಸುಮಾರು 7 ಸೆಂಟಿಮೀಟರ್ ಇರುವುದರಿಂದ ಕೆಲವರು ಗೊಂದಲಕ್ಕೆ ಬೀಳುತ್ತಾರೆ. ಆ ಇಂಚುಗಳು ಹೊರಕವಚದ ಅಳತೆಯಲ್ಲ, ರೂಢಿಯಲ್ಲಿ ನಿಂತುಬಂದ ಹೆಸರು ಮಾತ್ರ.

ಅನಂತರ ಹಿಂಬದಿಯ ಕನೆಕ್ಟರ್ ನೋಡಬೇಕು. ಎಲ್ ಆಕಾರದ ಎರಡು ಚಪ್ಪಟೆ ಪಟ್ಟಿಗಳು ಅಕ್ಕಪಕ್ಕದಲ್ಲಿದ್ದು, ಚಿಕ್ಕದರಲ್ಲಿ 7 ಮತ್ತು ದೊಡ್ಡದರಲ್ಲಿ 15 ಸಂಪರ್ಕಗಳಿದ್ದರೆ ಅದು ಸಾಟಾ ಡಿಸ್ಕ್. 2003ರ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹರಡಿತು. ಆದ್ದರಿಂದ ನಿಮ್ಮ ಡಿಸ್ಕ್ ಇದೇ ಆಗಿರುವ ಸಂಭವ ಹೆಚ್ಚು. ಅದಕ್ಕಿಂತ ಹಳೆಯದಾದ ಐಡಿಇ ಡಿಸ್ಕಿನಲ್ಲಿ ಎರಡು ಸಾಲು ಸಣ್ಣ ಸೂಜಿಯಂತಹ ಪಿನ್ನುಗಳಿರುತ್ತವೆ. ಡೆಸ್ಕ್‌ಟಾಪಿನದಾದರೆ 40 ಪಿನ್ನಿನ ಜಾಗ ಮತ್ತು ವಿದ್ಯುತ್ತಿಗೆ ಬೇರೆಯಾಗಿ 4 ದಪ್ಪ ಪಿನ್ನುಗಳು. ಲ್ಯಾಪ್‌ಟಾಪಿನದಾದರೆ ವಿದ್ಯುತ್ತೂ ಸೇರಿ 44 ಪಿನ್ನುಗಳು. ಡೆಸ್ಕ್‌ಟಾಪ್ ಐಡಿಇ ಡಿಸ್ಕಿನ ನಡುವೆ ಒಂದು ಪಿನ್ ಇಲ್ಲದಿದ್ದರೆ ಅದು ಮುರಿದದ್ದಲ್ಲ. ಕೇಬಲ್ ತಲೆಕೆಳಗಾಗಿ ಕೂರದಿರಲೆಂದು ಬಿಟ್ಟ ಗುರುತು.

ಚೂಯಿಂಗ್ ಗಮ್ಮಿನ ಪಟ್ಟಿಯಂತೆ ತೆಳ್ಳಗೆ, 22 ಮಿಲಿಮೀಟರ್ ಅಗಲ ಮತ್ತು ಬಹುಮಟ್ಟಿಗೆ 80 ಮಿಲಿಮೀಟರ್ ಉದ್ದವಿದ್ದರೆ ಅದು ಎಂ.2 ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಗಳಿಲ್ಲದೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕ್. ಇಲ್ಲಿ ಎಚ್ಚರ ಬೇಕು, ಏಕೆಂದರೆ ನೋಡಲು ಒಂದೇ ರೀತಿಯಿದ್ದರೂ ಒಳಗೆ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬೇರೆ ಬಗೆಗಳಿವೆ, ಒಂದಕ್ಕೆಂದು ಮಾಡಿದ ಕೇಸಿನಲ್ಲಿ (ಡಿಸ್ಕನ್ನು ಒಳಗಿಟ್ಟು ಯುಎಸ್‌ಬಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಲ್ಲಿ) ಇನ್ನೊಂದು ಕೆಲಸ ಮಾಡುವುದಿಲ್ಲ. ಅಂಚಿನಲ್ಲಿರುವ ಕಚ್ಚುಗಳ ಲೆಕ್ಕದಿಂದ ಊಹಿಸುವ ಬದಲು, ಮೇಲಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಹುಡುಕಿ ಖಚಿತಪಡಿಸಿಕೊಳ್ಳುವುದು ಲೇಸು.

ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸರ್ವರುಗಳಿಂದ ತೆಗೆದ ಎಸ್‌ಎಎಸ್ ಡಿಸ್ಕುಗಳೂ ಅಗ್ಗವಾಗಿ ಸಿಗುತ್ತವೆ. ಅವು ಸಾಟಾ ಡಿಸ್ಕಿನಂತೆಯೇ ಕಂಡರೂ ಎರಡು ಪಟ್ಟಿಗಳ ನಡುವಿನ ಖಾಲಿ ಜಾಗ ಅವುಗಳಲ್ಲಿ ತುಂಬಿಕೊಂಡಿರುತ್ತದೆ. ಮನೆಬಳಕೆಯ ಯುಎಸ್‌ಬಿ ಸಾಧನಗಳಿಗೆ ಅವು ಜೋಡಣೆಯಾಗುವುದಿಲ್ಲ. ಇನ್ನು ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಮತ್ತು ಈಚಿನ ಮ್ಯಾಕ್‌ಬುಕ್ಕುಗಳಲ್ಲಿ ಸಂಗ್ರಹವು ಬೋರ್ಡಿಗೇ ಬೆಸೆದಿರುವುದರಿಂದ ಹೊರತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಕನ್ವರ್ಟರ್ ಕೇಬಲ್, ಕೇಸ್, ಡಾಕ್: ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು?

ಒಂದೆರಡು ಹಳೆಯ ಡಿಸ್ಕುಗಳಿಂದ ಒಮ್ಮೆ ನಕಲು ಮಾಡಿಕೊಂಡರೆ ಸಾಕೆನ್ನುವವರಿಗೆ, ಡಿಸ್ಕಿನ ಕನೆಕ್ಟರನ್ನು ಯುಎಸ್‌ಬಿಗೆ ಹೊಂದಿಸುವ, ಜೊತೆಯಲ್ಲಿ ವಿದ್ಯುತ್ ಅಡಾಪ್ಟರ್ ಇರುವ ಕನ್ವರ್ಟರ್ ಕೇಬಲ್ ಸಾಕು. ಸಾಟಾ, 40 ಪಿನ್, 44 ಪಿನ್ ಮೂರಕ್ಕೂ ಹೊಂದುವ ಕೇಬಲುಗಳು ಇವೆ; ಮನೆಯಲ್ಲಿ ಬೇರೆ ಬೇರೆ ಕಾಲದ ಕಂಪ್ಯೂಟರುಗಳಿದ್ದರೆ ಅದೇ ಉತ್ತಮ. ಲ್ಯಾಪ್‌ಟಾಪಿನ ಡಿಸ್ಕನ್ನು ಮುಂದೆಯೂ ಜೇಬಿನಲ್ಲಿಟ್ಟುಕೊಂಡು ಬಳಸುವುದಾದರೆ ಕೇಸ್ ಕೊಳ್ಳಿರಿ. ಡಾಕ್ ಎಂಬುದು ಡಿಸ್ಕನ್ನು ನಿಲ್ಲಿಸಿ ಕೂರಿಸುವ ಪೀಠ. ಇದು ಪದೇ ಪದೇ ಡಿಸ್ಕ್ ಬದಲಾಯಿಸುವವರಿಗೆ ಅನುಕೂಲ, ಆದರೆ ನಿಂತ ಡಿಸ್ಕಿಗೆ ಕೈ ತಗುಲಿ ಅದು ಉರುಳುವ ಅಪಾಯವಿದೆ.

ಹಳೆಯ ಕೇಸು, ಡಾಕುಗಳಲ್ಲಿ ಕೆಲವು 2 ಟಿಬಿಗಿಂತ ದೊಡ್ಡ ಡಿಸ್ಕುಗಳನ್ನು ಸರಿಯಾಗಿ ಗುರುತಿಸುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಕೊಳ್ಳಲು ಹೋಗುವಾಗ ಡಿಸ್ಕನ್ನು, ಇಲ್ಲವೇ ಅದರ ಕನೆಕ್ಟರ್ ಮತ್ತು ಚೀಟಿಯ ಸ್ಪಷ್ಟ ಫೋಟೋವನ್ನು, ಒಯ್ದು ತೋರಿಸಿದರೆ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ.

ಬೇರೆ ಅಡಾಪ್ಟರ್ ಏಕೆ ಬೇಕು? ಯುಎಸ್‌ಬಿಯಿಂದಲೇ ವಿದ್ಯುತ್ ಸಿಗುವುದಿಲ್ಲವೇ?

2.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಮಾತ್ರ ಸಾಕಾಗುವುದರಿಂದ ಅದು ಯುಎಸ್‌ಬಿಯಿಂದಲೇ ನಡೆಯಬಲ್ಲದು. 3.5 ಇಂಚಿನ ಡಿಸ್ಕಿನ ಮೋಟರಿಗೆ 12 ವೋಲ್ಟ್ ಬೇಕು. ಅದು ಸಾಮಾನ್ಯ ಯುಎಸ್‌ಬಿ ಕಿಂಡಿಯಲ್ಲಿ ಇಲ್ಲ. ಮೋಟರು ನಿಂತಲ್ಲಿಂದ ತಿರುಗಲು ಆರಂಭಿಸುವ ಕೆಲವು ಕ್ಷಣ ಸುಮಾರು 2 ಆಂಪಿಯರ್ ಎಳೆಯುವುದರಿಂದ, ದುರ್ಬಲವಾದ ಅಡಾಪ್ಟರ್ ಹಾಕಿದರೆ ಡಿಸ್ಕ್ ತಿರುಗಲು ಯತ್ನಿಸಿ, ನಿಂತು, ಮತ್ತೆ ಯತ್ನಿಸುತ್ತದೆ. ಇದನ್ನೇ ಡಿಸ್ಕಿನ ದೋಷವೆಂದು ತಿಳಿದು ಕೈಬಿಟ್ಟವರಿದ್ದಾರೆ.

2.5 ಇಂಚಿನ ಡಿಸ್ಕಿನಲ್ಲೂ ಈ ತೊಂದರೆ ಬರಬಹುದು. ಯುಎಸ್‌ಬಿ 2.0 ಕಿಂಡಿಯು 500 ಮಿಲಿಆಂಪಿಯರ್ ಕೊಡಬೇಕೆಂದೂ 3.0 ಕಿಂಡಿಯು 900 ಮಿಲಿಆಂಪಿಯರ್ ಕೊಡಬೇಕೆಂದೂ ನಿಯಮವಿದೆ. ಆದ್ದರಿಂದ ನೀಲಿ ಬಣ್ಣದ 3.0 ಕಿಂಡಿಗೆ ನೇರವಾಗಿ ಜೋಡಿಸಿರಿ. ಡೆಸ್ಕ್‌ಟಾಪಾದರೆ ಮುಂಭಾಗದ ಕಿಂಡಿಗಿಂತ ಹಿಂಭಾಗದ್ದು ಮೇಲು. ವಿದ್ಯುತ್ತಿಲ್ಲದ ಯುಎಸ್‌ಬಿ ಹಬ್ ಮೂಲಕ ಬೇಡ.

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಡಾಕಿನ ಅಡಾಪ್ಟರ್ ಕಳೆದುಹೋಯಿತೆಂದು, ಪಿನ್ ಹೊಂದುತ್ತದೆಂಬ ಕಾರಣಕ್ಕೆ ಲ್ಯಾಪ್‌ಟಾಪಿನ ಚಾರ್ಜರನ್ನು ಎಂದೂ ಚುಚ್ಚಬೇಡಿ. ಅನೇಕ ಲ್ಯಾಪ್‌ಟಾಪ್ ಚಾರ್ಜರುಗಳು 19 ವೋಲ್ಟ್ ಕೊಡುತ್ತವೆ, ಡಾಕಿಗೆ ಬೇಕಾದದ್ದು 12. ಹತ್ತು ವರ್ಷದ ಫೋಟೋಗಳಿದ್ದ ಡಿಸ್ಕಿನ ಸರ್ಕ್ಯೂಟು ಈ ಒಂದು ತಪ್ಪಿನಿಂದ ಒಂದೇ ಕ್ಷಣದಲ್ಲಿ ಸುಟ್ಟದ್ದನ್ನು ನಾನೇ ನೋಡಿದ್ದೇನೆ.

ಹೊರತೆಗೆಯುವ ಮತ್ತು ಜೋಡಿಸುವ ಸರಿಯಾದ ಕ್ರಮ ಯಾವುದು?

ಕಂಪ್ಯೂಟರನ್ನು ನಿಲ್ಲಿಸಿ, ಗೋಡೆಯ ಪ್ಲಗ್ ತೆಗೆದು, ಲ್ಯಾಪ್‌ಟಾಪಾದರೆ ಸಾಧ್ಯವಿರುವ ಕಡೆ ಬ್ಯಾಟರಿಯನ್ನೂ ಬಿಡಿಸಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿದರೆ ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಇಳಿದುಹೋಗುತ್ತದೆ. ಗಾಳಿ ಒಣಗಿರುವ ಚಳಿಗಾಲದಲ್ಲಿ ಇದು ಹೆಚ್ಚು ಮುಖ್ಯ. ಕೇಬಲುಗಳನ್ನು ತಂತಿ ಹಿಡಿದು ಎಳೆಯದೆ ಕನೆಕ್ಟರ್ ಹಿಡಿದು ಬಿಡಿಸಿರಿ. ಡಿಸ್ಕನ್ನು ಅಂಚುಗಳಲ್ಲಿ ಹಿಡಿದು, ಕೆಳಗಿನ ಹಸಿರು ಬೋರ್ಡನ್ನು ಮುಟ್ಟದೆ ಹೊರತೆಗೆಯಿರಿ.

ಐಡಿಇ ಡಿಸ್ಕಾದರೆ ಪಿನ್ನುಗಳ ಪಕ್ಕದಲ್ಲಿ ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ತುಣುಕು ಇರುತ್ತದೆ. ಡಿಸ್ಕಿನ ಮೇಲಿನ ಚಿತ್ರವನ್ನು ನೋಡಿ ಅದನ್ನು ಮಾಸ್ಟರ್ ಸ್ಥಾನದಲ್ಲಿಡಿ. ಸ್ಲೇವ್ ಸ್ಥಾನದಲ್ಲಿದ್ದರೆ ಅನೇಕ ಕನ್ವರ್ಟರುಗಳು ಡಿಸ್ಕನ್ನು ಗುರುತಿಸುವುದೇ ಇಲ್ಲ.

ಡಿಸ್ಕನ್ನು ಗಟ್ಟಿಯಾದ ಮೇಜಿನ ಮೇಲೆ, ಬೋರ್ಡ್ ಕೆಳಮುಖವಾಗಿ, ಒಂದು ಒಣ ರಟ್ಟಿನ ಮೇಲಿಡಿ. ಹಾಸಿಗೆ, ದಿಂಬು, ಲೋಹದ ತಟ್ಟೆ ಬೇಡ. ಮೊದಲು ಕನ್ವರ್ಟರನ್ನು ಡಿಸ್ಕಿಗೆ, ಆಮೇಲೆ ವಿದ್ಯುತ್ ಅಡಾಪ್ಟರನ್ನು, ಡಿಸ್ಕ್ ತಿರುಗುವ ಮೆಲುದನಿ ಕೇಳಿಸಿದ ಬಳಿಕ ಕೊನೆಗೆ ಯುಎಸ್‌ಬಿಯನ್ನು ಜೋಡಿಸಿರಿ. ತಿರುಗುತ್ತಿರುವಾಗ ಡಿಸ್ಕನ್ನು ಎತ್ತುವುದು, ತಿರುಗಿಸುವುದು ಕೂಡದು: ಓದುವ ತಲೆಯು ತಟ್ಟೆಗೆ ತಗಲದಂತೆ ಅತಿ ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ, ಸಣ್ಣ ಏಟೂ ಅಲ್ಲಿ ಗೀರು ಮೂಡಿಸಬಲ್ಲದು.

ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಹಲವು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದ ಡಿಸ್ಕಾದರೆ, ಅದನ್ನು ಒಂದು ದಿನ ಒಣ ಕೋಣೆಯಲ್ಲಿಟ್ಟು, ಕನೆಕ್ಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೃದುವಾಗಿ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಿರಿ. ಬಿಸಿಲಿಗೆ ಇಡಬೇಡಿ.

ಜೋಡಿಸಿದರೂ ಡಿಸ್ಕ್ ಕಾಣಿಸುತ್ತಿಲ್ಲ. ಏಕೆ?

ಡಿಸ್ಕ್ ತಿರುಗುತ್ತಿದೆಯೇ ಎಂದು ಬೆರಳು ತಾಗಿಸಿ ನೋಡಿರಿ. ಸಣ್ಣ ಕಂಪನ ಇರಬೇಕು. ಇಲ್ಲದಿದ್ದರೆ ತೊಂದರೆ ವಿದ್ಯುತ್ತಿನದು. ಇದ್ದರೆ ಯುಎಸ್‌ಬಿ ಕೇಬಲ್, ಕಿಂಡಿ, ಕನ್ವರ್ಟರ್ ಇವನ್ನು ಒಂದೊಂದಾಗಿ ಬದಲಿಸಿ ನೋಡಬೇಕು.

ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯನ್ನು ತೆರೆದರೆ ಹೆಚ್ಚಿನ ವಿಷಯ ತಿಳಿಯುತ್ತದೆ. ಡಿಸ್ಕ್ ಅಲ್ಲಿದ್ದು ಡಿ, ಇ ಎಂಬಂತಹ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ, ಬಲಗುಂಡಿ ಒತ್ತಿ ಒಂದು ಅಕ್ಷರ ಕೊಟ್ಟರೆ ಸಾಕು. ಆಫ್‌ಲೈನ್ ಎಂದಿದ್ದರೆ ಆನ್‌ಲೈನ್ ಮಾಡಬಹುದು. ಆದರೆ ಇನಿಷಿಯಲೈಸ್ ಮಾಡಬೇಕೆಂದು ಕೇಳಿದರೆ ಕ್ಯಾನ್ಸಲ್ ಒತ್ತಿರಿ, ಏಕೆಂದರೆ ಅದು ಡಿಸ್ಕಿನ ವಿಭಾಗಪಟ್ಟಿಯ ಜಾಗದಲ್ಲಿ ಹೊಸದನ್ನು ಬರೆಯುತ್ತದೆ.

“ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು” ಎಂಬ ಸೂಚನೆ ಬರುತ್ತಿದೆ. ಮಾಡಲೇ?

ಖಂಡಿತ ಬೇಡ. ಈ ಸೂಚನೆಯ ಅರ್ಥ ಡಿಸ್ಕ್ ಖಾಲಿಯಿದೆ ಎಂದಲ್ಲ. ಅದರಲ್ಲಿರುವುದನ್ನು ವಿಂಡೋಸಿಗೆ ಓದಲು ಬರುತ್ತಿಲ್ಲ ಎಂದಷ್ಟೇ. ಲಿನಕ್ಸ್ ಕಂಪ್ಯೂಟರಿನ ಅಥವಾ ಮ್ಯಾಕಿನ ಡಿಸ್ಕಾದರೆ ಅದರ ಕಡತ ವ್ಯವಸ್ಥೆಯೇ (ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಕ್ರಮವೇ) ಬೇರೆ. ಅದೇ ಬಗೆಯ ಕಂಪ್ಯೂಟರಿಗೆ ಜೋಡಿಸಿದರೆ ಸುಲಭವಾಗಿ ತೆರೆದುಕೊಳ್ಳುತ್ತದೆ. ಅಂಗಡಿ, ಮನೆಗಳ ಸಿಸಿಟಿವಿ ಡಿವಿಆರ್‌ನಿಂದ ತೆಗೆದ ಡಿಸ್ಕುಗಳಲ್ಲಿ ತಯಾರಕರದೇ ಆದ ಕಡತ ವ್ಯವಸ್ಥೆ ಇರುವುದು ಸಾಮಾನ್ಯ; ಅದನ್ನು ಆ ಡಿವಿಆರ್‌ಗೇ ಮರಳಿ ಹಾಕಿ, ದೃಶ್ಯಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದೇ ಸರಿಯಾದ ದಾರಿ. ರೇಡ್ ವ್ಯವಸ್ಥೆಯಲ್ಲಿ ಹಲವು ಡಿಸ್ಕುಗಳ ಮೇಲೆ ಹಂಚಿಹೋದ ಮಾಹಿತಿಯೂ ಒಂದೇ ಡಿಸ್ಕಿನಿಂದ ಓದಲು ಬರುವುದಿಲ್ಲ.

ಇನ್ನೊಂದು ಕಾರಣ ಹೆಚ್ಚಿನವರಿಗೆ ತಿಳಿದಿಲ್ಲ. ಹಿಂದೆ ಒಂದು ಯುಎಸ್‌ಬಿ ಕೇಸಿನಲ್ಲಿ ಬಳಸಿದ ಡಿಸ್ಕನ್ನು ತೆಗೆದು ಇನ್ನೊಂದಕ್ಕೆ ಹಾಕಿದಾಗಲೂ ಇದೇ ಸೂಚನೆ ಬರಬಹುದು. ಕೆಲವು ಕೇಸುಗಳ ಚಿಪ್ಪು ಡಿಸ್ಕಿನ 512 ಬೈಟಿನ ಸೆಕ್ಟರುಗಳನ್ನು (ಮಾಹಿತಿ ಬರೆಯುವ ಸಣ್ಣ ತುಂಡುಗಳನ್ನು) 4096 ಬೈಟಿನವೆಂದು ಕಂಪ್ಯೂಟರಿಗೆ ತೋರಿಸುತ್ತದೆ. ಇನ್ನು ಕೆಲವು, ನಾವು ಪಾಸ್‌ವರ್ಡ್ ಇಡದಿದ್ದರೂ, ಬರೆಯುವುದನ್ನೆಲ್ಲ ಗೂಢಲಿಪಿಯಲ್ಲಿ ಬರೆಯುತ್ತವೆ. ಅಂತಹ ಡಿಸ್ಕನ್ನು ಮೂಲ ಕೇಸಿಗೇ ಮರಳಿಸಿ ನೋಡಬೇಕು. ಆದ್ದರಿಂದಲೇ, ಕೇಸ್ ಹಾಳಾಯಿತೆಂದು ಅದರ ಬೋರ್ಡನ್ನು ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದೆ. ಏನು ಮಾಡಲಿ?

ಒಂದೇ ಲಯದಲ್ಲಿ ಮತ್ತೆ ಮತ್ತೆ ಟಕ್ ಎನ್ನುವುದು ಅಥವಾ ಕೆರೆದಂತೆ ಕೇಳಿಸುವುದು ಓದುವ ತಲೆಗೆ ಹಾನಿಯಾದದ್ದರ ಲಕ್ಷಣವಾಗಿರಬಹುದು. ಒಳ್ಳೆಯ ಅಡಾಪ್ಟರಿನಲ್ಲೂ ಅದೇ ಸದ್ದಾದರೆ ಕೂಡಲೇ ವಿದ್ಯುತ್ ತೆಗೆಯಿರಿ. ಇನ್ನೊಮ್ಮೆ ನೋಡೋಣ ಎಂದು ಜೋಡಿಸಿದಷ್ಟೂ ತಟ್ಟೆಯ ಮೇಲಿನ ಮಾಹಿತಿ ಸವೆದುಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂಬ ಸಲಹೆಯನ್ನು ಕೇಳಬೇಡಿ. ಹೊರತೆಗೆದೊಡನೆ ತಣ್ಣಗಿನ ಭಾಗಗಳ ಮೇಲೆ ನೀರಹನಿ ಕಟ್ಟುತ್ತದೆ. ಮುಚ್ಚಳ ಬಿಚ್ಚುವುದಂತೂ ಸಲ್ಲದು. ಡಿಸ್ಕನ್ನು ಧೂಳಿಲ್ಲದ ಶುದ್ಧ ಕೋಣೆಯಲ್ಲಿ ಮಾತ್ರ ತೆರೆಯಬೇಕು, ಅದು ಮಾಹಿತಿ ಮರುಪಡೆಯುವ ಪರಿಣತರ ಕೆಲಸ. ಅದಕ್ಕೆ ಖರ್ಚು ಹೆಚ್ಚು, ಆದರೆ ಒಳಗಿರುವುದರ ಬೆಲೆಯನ್ನು ನೀವೇ ತೂಗಿ ನೋಡಬೇಕು.

ಸದ್ದಿಲ್ಲದೆ ನಿಧಾನವಾಗಿದ್ದರೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶದಲ್ಲಿ ಸ್ಮಾರ್ಟ್ ವಿವರಗಳನ್ನು, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆಯನ್ನು, ನೋಡಬಹುದು. ರೀಅಲೊಕೇಟೆಡ್ (ಕೆಟ್ಟು ಬದಲಿಸಲ್ಪಟ್ಟ) ಮತ್ತು ಪೆಂಡಿಂಗ್ (ಓದಲು ಬಾರದೆ ಅನುಮಾನದಲ್ಲಿರುವ) ಸೆಕ್ಟರುಗಳ ಎಣಿಕೆ ಏರುತ್ತಿದ್ದರೆ ಡಿಸ್ಕ್ ಸೋಲುತ್ತಿದೆ. ಆಗ ಸಾಮಾನ್ಯ ಕಾಪಿ-ಪೇಸ್ಟ್ ಬಿಟ್ಟು, ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ ಬಳಸುವುದು ಒಳಿತು: ಅದು ಚೆನ್ನಾಗಿ ಓದಲು ಬರುವ ಭಾಗವನ್ನು ಮೊದಲು ನಕಲು ಮಾಡಿ, ತೊಡಕಿನ ಜಾಗಗಳ ಪಟ್ಟಿಯಿಟ್ಟುಕೊಂಡು ಕೊನೆಗೆ ಅವುಗಳತ್ತ ಮರಳುತ್ತದೆ. ವಿಂಡೋಸಿನ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ; ದುರಸ್ತಿ ಮಾಡುವಾಗ ಅದು ಡಿಸ್ಕಿನ ಮೇಲೆ ಬರೆಯುತ್ತದೆ.

ಹಳೆಯ ಯೂಸರ್ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎನ್ನುತ್ತಿದೆ.

ಆ ಫೋಲ್ಡರು ಹಳೆಯ ವಿಂಡೋಸಿನ ಖಾತೆಗೆ ಸೇರಿದ್ದು. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿದ್ದು ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ, ಕಡತಗಳು ಹೆಚ್ಚಿದ್ದರೆ ಕೆಲವು ನಿಮಿಷ ಬೇಕು. ಇದರಲ್ಲಿ ಡಿಸ್ಕಿನ ಮೇಲಿನ ಅನುಮತಿಗಳು ಬದಲಾಗುತ್ತವೆ, ಅಂದರೆ ಅಷ್ಟರಮಟ್ಟಿಗೆ ಬರೆದಂತಾಗುತ್ತದೆ. ಸೋಲುತ್ತಿರುವ ಡಿಸ್ಕಾದರೆ ಲೈವ್ ಲಿನಕ್ಸಿನಲ್ಲಿ (ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸಿನಲ್ಲಿ) ಓದಲು ಮಾತ್ರ ಎಂದು ತೆರೆಯುವುದು ಮೇಲು. ಅಲ್ಲಿ ಈ ಅಡ್ಡಿ ಎದುರಾಗುವುದಿಲ್ಲ.

ಬಿಟ್‌ಲಾಕರ್ ಕೀಲಿ ಕೇಳುತ್ತಿದೆ. ನಾನು ಅದನ್ನು ಹಾಕಿರಲೇ ಇಲ್ಲ.

ಬಿಟ್‌ಲಾಕರ್ ಎಂಬುದು ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ವ್ಯವಸ್ಥೆ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲು ಒಳಹೊಕ್ಕಾಗಲೇ ಡಿಸ್ಕಿನ ಗೂಢಲಿಪೀಕರಣ ತಾನಾಗಿ ಆರಂಭವಾಗುತ್ತದೆ. ಆ ಲ್ಯಾಪ್‌ಟಾಪಿನಲ್ಲಿ ಬಳಸುತ್ತಿದ್ದ ಖಾತೆಯಿಂದಲೇ ಮೈಕ್ರೋಸಾಫ್ಟಿನ ತಾಣಕ್ಕೆ ಹೋಗಿ ನೋಡಿದರೆ 48 ಅಂಕಿಗಳ ರಿಕವರಿ ಕೀ ಸಿಗಬಹುದು. ಕಚೇರಿಯ ಯಂತ್ರವಾದರೆ ಅಲ್ಲಿನ ಐಟಿ ವಿಭಾಗವನ್ನು ಕೇಳಬೇಕು. ಕೀಲಿ ಎಲ್ಲಿಯೂ ಇಲ್ಲದಿದ್ದರೆ ಯಾವ ತಂತ್ರಾಂಶವೂ ಅದನ್ನು ತೆರೆಯಲಾರದು, ತೆರೆಯುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಬಯೋಸಿನಲ್ಲಿ (ವಿಂಡೋಸಿಗಿಂತ ಮೊದಲು ಏಳುವ, ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ) ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಇಟ್ಟಿದ್ದ ಡಿಸ್ಕಾದರೆ, ಅದು ಸಾಮಾನ್ಯವಾಗಿ ಯುಎಸ್‌ಬಿ ಮೂಲಕ ತೆರೆಯುವುದಿಲ್ಲ.

ಯಾವ ಯಾವ ಫೋಲ್ಡರುಗಳನ್ನು ನಕಲು ಮಾಡಬೇಕು?

ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರಿನಲ್ಲಿರುವುದನ್ನು ಇಡಿಯಾಗಿ ನಕಲು ಮಾಡಿರಿ; ವಿಂಡೋಸ್ ಎಕ್ಸ್‌ಪಿಯಾದರೆ ಅದು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಎಂಬ ಹೆಸರಿನಲ್ಲಿರುತ್ತದೆ. ಮರೆಯಾಗಿರುವ ಆ್ಯಪ್‌ಡೇಟಾ ಫೋಲ್ಡರನ್ನು ಬಿಡಬೇಡಿ, ಔಟ್‌ಲುಕ್ಕಿನ ಕಡತಗಳು ಅಲ್ಲಿರುವುದುಂಟು. ಟ್ಯಾಲಿ ಇಆರ್‌ಪಿ 9 ಬಳಸುತ್ತಿದ್ದ ಅಂಗಡಿಯವರು ಅದರ ಡೇಟಾ ಫೋಲ್ಡರಿನಲ್ಲಿ 10000ದಂತಹ ಐದಂಕಿಯ ಹೆಸರಿರುವ ಫೋಲ್ಡರುಗಳನ್ನು ಹುಡುಕಬೇಕು. ಪ್ರತಿ ಕಂಪನಿಯ ಲೆಕ್ಕಕ್ಕೂ ಒಂದೊಂದಿರುತ್ತದೆ. ಸಿ ಡ್ರೈವಿನಲ್ಲಿ ಮುಗಿಯಿತೆಂದು ತಿಳಿಯದೆ ಡಿ, ಇ ವಿಭಾಗಗಳನ್ನೂ ನೋಡಿರಿ, ಏಕೆಂದರೆ ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಡಿಸ್ಕನ್ನು ಮೂರು ನಾಲ್ಕು ಭಾಗ ಮಾಡಿಕೊಡುವ ರೂಢಿ ಇತ್ತು.

ಪ್ರೋಗ್ರಾಂ ಫೈಲ್ಸ್ ನಕಲು ಮಾಡಿ ಪ್ರಯೋಜನವಿಲ್ಲ. ತಂತ್ರಾಂಶಗಳನ್ನು ಹೊಸದಾಗಿಯೇ ಹಾಕಿಕೊಳ್ಳಬೇಕು.

ನಕಲು ಮಾಡಲು ಎಷ್ಟು ಹೊತ್ತು ಬೇಕು?

ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಸಾಗುತ್ತದೆ. ಆ ಲೆಕ್ಕದಲ್ಲಿ 1 ಟಿಬಿಗೆ ಸುಮಾರು 8 ಗಂಟೆ. ಯುಎಸ್‌ಬಿ 3.0ರಲ್ಲಿ ಡಿಸ್ಕಿನ ವೇಗವೇ ಮಿತಿಯಾಗುವುದರಿಂದ, ಸೆಕೆಂಡಿಗೆ 100 ಎಂಬಿ ಎಂದಿಟ್ಟುಕೊಂಡರೆ ಮೂರು ಗಂಟೆಗಿಂತ ಸ್ವಲ್ಪ ಕಡಿಮೆ. ಸಾವಿರಾರು ಸಣ್ಣ ಕಡತಗಳಿದ್ದರೆ ಇನ್ನೂ ಹೆಚ್ಚು. ಈ ನಡುವೆ ಕರೆಂಟು ಹೋದರೆ 3.5 ಇಂಚಿನ ಡಿಸ್ಕ್ ತಟ್ಟನೆ ನಿಲ್ಲುವುದರಿಂದ, ಅದರ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿರಿ. ತೀರ ಮುಖ್ಯವಾದದ್ದನ್ನು ಮೊದಲು ನಕಲು ಮಾಡಿ, ಉಳಿದದ್ದನ್ನು ಆಮೇಲೆ ಮಾಡುವುದು ನನ್ನ ಪದ್ಧತಿ.

ಕಡತಗಳೆಲ್ಲ ಬಂದವು, ಆದರೆ ಕನ್ನಡದ ಬರಹವೆಲ್ಲ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿವೆ. ಹಾಳಾದವೇ?

ಇಲ್ಲ. ಈ ಪ್ರಶ್ನೆ ಕೇಳುವವರ ಮುಖದ ಗಾಬರಿಯನ್ನು ನೋಡಿದ್ದೇನೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬರೆದದ್ದು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಲ್ಲೇ ಉಳಿಯುತ್ತಿತ್ತು. ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು ಮಾತ್ರ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿರುವುದರಿಂದ ಬರಹ ಗೋಜಲಾಗಿ ಕಾಣುತ್ತದೆ. ನಿಮಗೆ ಬೇಕಾದ ಫಾಂಟು ಅದೇ ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ, ಫಾಂಟ್ಸ್ ಎಂಬಲ್ಲಿ, ಇರುವ ಸಂಭವ ಹೆಚ್ಚು. ನುಡಿ (Nudi) ಎಂದು, ಬರಹದವಾದರೆ ಬಿಆರ್‌ಎಚ್ (BRH) ಎಂದು ಆರಂಭವಾಗುವ ಫಾಂಟುಗಳನ್ನು ನಕಲು ಮಾಡಿ ಹೊಸ ಕಂಪ್ಯೂಟರಿಗೆ ಹಾಕಿದರೆ ಬರಹ ಮೊದಲಿನಂತೆ ಕಾಣುತ್ತದೆ.

ಆ ಬಳಿಕ ಆಸ್ಕಿಯಿಂದ (ಈ ಹಳೆಯ ಬಗೆಯಿಂದ) ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳ ಮೂಲಕ ಒಂದು ಯೂನಿಕೋಡ್ ಪ್ರತಿಯನ್ನೂ ಮಾಡಿಟ್ಟುಕೊಳ್ಳಿರಿ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಲವೆಡೆ ತಪ್ಪುವುದರಿಂದ ಒಮ್ಮೆ ಓದಿ ತಿದ್ದಬೇಕು, ಮೂಲ ಕಡತವನ್ನು ಅಳಿಸಬಾರದು. ಕನ್ನಡದ ಎಷ್ಟೋ ಬರಹಗಾರರ, ಸಣ್ಣ ಮುದ್ರಣಾಲಯಗಳ ವರ್ಷಗಳ ದುಡಿಮೆ ಇನ್ನೂ ಇಂತಹ ಕಡತಗಳಲ್ಲೇ ಇದೆ.

ಎರಡು ಡಿಸ್ಕಿನ ಡಾಕಿನಲ್ಲಿ ಕ್ಲೋನ್ ಗುಂಡಿ ಇದೆ. ಒತ್ತಬಹುದೇ?

ಯಾವ ಕಿಂಡಿ ಮೂಲ, ಯಾವುದು ಗುರಿ ಎಂದು ಕೈಪಿಡಿಯಲ್ಲಿ ಓದಿ ತಿಳಿಯದೆ ಒತ್ತಬೇಡಿ. ಅದಲು ಬದಲಾದರೆ ಖಾಲಿ ಡಿಸ್ಕ್ ನಿಮ್ಮ ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಡಾಕು ನಿಮ್ಮನ್ನು ಕೇಳುವುದಿಲ್ಲ.

ನಕಲು ಮುಗಿದ ಮೇಲೆ ಅದೇ ಡಿಸ್ಕನ್ನು ಬ್ಯಾಕಪ್ಪಿಗೆ ಬಳಸಬಹುದೇ?

ಸ್ಮಾರ್ಟ್ ವಿವರಗಳು ಸರಿಯಿದ್ದರೆ ಎರಡನೆಯ ಪ್ರತಿಗಾಗಿ ಬಳಸಬಹುದು, ಇರುವ ಒಂದೇ ಪ್ರತಿಗಾಗಿ ಬೇಡ. ವಿಂಡೋಸಿನಲ್ಲಷ್ಟೇ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕಿನಲ್ಲೂ ಬರೆಯಬೇಕಾದರೆ ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿರಿ. ಪ್ರತಿ ಸಲವೂ ಸುರಕ್ಷಿತವಾಗಿ ತೆಗೆಯುವ ಆಯ್ಕೆಯನ್ನು ಒತ್ತಿ, ತಿರುಗುವುದು ನಿಂತ ಮೇಲೆ ವಿದ್ಯುತ್ ಕೀಳಿರಿ.

ಬೇಡವಾದ ಡಿಸ್ಕನ್ನು ಏನು ಮಾಡಬೇಕು?

ನಕಲಾದ ಕಡತಗಳಲ್ಲಿ ಹತ್ತಾರನ್ನು ಹೊಸ ಜಾಗದಿಂದಲೇ ತೆರೆದು ನೋಡಿರಿ, ಕೆಲವು ವಿಡಿಯೋಗಳನ್ನು ಕೊನೆಯ ತನಕ ಓಡಿಸಿರಿ. ಎರಡು ಬೇರೆ ಕಡೆ ಪ್ರತಿಯಿದೆಯೆಂದು ಖಚಿತವಾದ ಮೇಲೆ ಡಿಸ್ಕನ್ನು ಅಳಿಸಬಹುದು. ತಿರುಗುವ ಡಿಸ್ಕಾದರೆ ವಿಂಡೋಸಿನಲ್ಲಿ ಕ್ವಿಕ್ ಎಂಬ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ಆ ವಿಭಾಗದ ಉದ್ದಕ್ಕೂ ಸೊನ್ನೆ ಬರೆಯಲ್ಪಡುತ್ತದೆ. ವಿಭಾಗಗಳು ಹಲವಿದ್ದರೆ ಒಂದೊಂದಕ್ಕೂ ಹೀಗೆ ಮಾಡಬೇಕು. ಎಸ್‌ಎಸ್‌ಡಿಯಾದರೆ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು. ತಿರುಗದೆ ಸತ್ತ ಡಿಸ್ಕಿನ ತಟ್ಟೆಗಳಲ್ಲೂ ಮಾಹಿತಿ ಹಾಗೆಯೇ ಇರುವುದರಿಂದ, ತಟ್ಟೆಗಳ ಮೂಲಕ ಹಾದುಹೋಗುವಂತೆ ಡ್ರಿಲ್ಲಿನಿಂದ ಎರಡು ಮೂರು ಕಡೆ ತೂತು ಮಾಡಿ, ಕಣ್ಣಿಗೆ ರಕ್ಷಣೆಯಿಟ್ಟುಕೊಂಡು, ಅನಂತರ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿರಿ.